ಮಾರ್ದನಿ ಗುಣದವರು

ಕಣವಿಹಾಳ ಸಬ್‌ಸ್ಟೇಷನ್ನಿನಲ್ಲಿ ಹದಿನಾಲ್ಕು ವರ್ಷ ಆಪರೇಟರ್ ಆಗಿದ್ದ ಫಕೀರವ್ವ ದೊಡ್ಡಮನಿಯನ್ನು ಒಂದು ಸೋಮವಾರ ಕುರ್ಚಿಯಿಂದ ಎಬ್ಬಿಸಿ ಹಿಂದಿನ ಸಾಮಾನು ಕೋಣೆಗೆ ಹಾಕಿದರು. ಆ ಹದಿನಾಲ್ಕು ವರ್ಷದಲ್ಲಿ ಆಕೆಯ ಮಾತು ನಂಬಿ ಕಂಬ ಹತ್ತಿದ ಒಬ್ಬ ಲೈನ್‌ಮನ್ನೂ ಸತ್ತಿರಲಿಲ್ಲ. ಆಕೆಯ ಕುರ್ಚಿಗೆ ಬಂದ ವಿನಾಯಕ ಹೊಂಬಳನಿಗೆ ಎಂಟು ತಿಂಗಳ ಅನುಭವವಿತ್ತು. ಆದೇಶದಲ್ಲಿ ಕಾರಣವೆಂದು ಬರೆದದ್ದು ಎರಡೇ ಪದ: ಗುಣಮುದ್ರೆ, ಮಾರ್ದನಿ.

ಗುಣಮುದ್ರೆ ಜಾರಿಗೆ ಬಂದು ಆಗ ಆರು ವರ್ಷ, ವಿದ್ಯುತ್ ಕಂಪನಿಗೆ ಬಂದದ್ದು ಆ ವರ್ಷವಷ್ಟೇ. ತೆಂಗಿನಕಾಯಿ ಗಾತ್ರದ ಕರಿ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಇಟ್ಟಿರುತ್ತಾರೆ. ಅದರ ಮುಂದೆ ಒಬ್ಬರೇ ಕೂರಬೇಕು. ಪೆಟ್ಟಿಗೆ ಹೆಣ್ಣುದನಿಯಲ್ಲಿ ಅರವತ್ತು ಪ್ರಶ್ನೆ ಕೇಳುತ್ತದೆ. ಗೊತ್ತಿಲ್ಲದವರ ನಡುವೆ ಮೊದಲು ಮಾತಾಡುತ್ತೀರಾ, ಸಿಟ್ಟು ಬಂದರೆ ತೋರಿಸುತ್ತೀರಾ, ಒಂದು ಕೆಲಸ ಮುಗಿಯುವ ಮುಂಚೆ ಇನ್ನೊಂದಕ್ಕೆ ಕೈಹಾಕುತ್ತೀರಾ, ಇಂಥವು. ಉತ್ತರ ಹೌದೋ ಅಲ್ಲವೋ ಎಂಬುದಕ್ಕೆ ಪೆಟ್ಟಿಗೆ ಹೆಚ್ಚು ಬೆಲೆ ಕೊಡುವುದಿಲ್ಲ. ಪ್ರಶ್ನೆ ಮುಗಿದು ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು, ದನಿ ಎಲ್ಲಿ ಏರಿತು, ಎಲ್ಲಿ ಅಳುಕಿತು, ಹೇಳಿದ ಮಾತಿನಲ್ಲಿ ಸ್ವಂತ ಪದ ಎಷ್ಟು, ಪ್ರಶ್ನೆಯಿಂದಲೇ ಎತ್ತಿಕೊಂಡ ಪದ ಎಷ್ಟು, ಇವನ್ನು ಅಳೆಯುತ್ತದೆ. ಇಪ್ಪತ್ತು ನಿಮಿಷಕ್ಕೆ ಮನುಷ್ಯ ಒಂಬತ್ತು ಗುಣಗಳಲ್ಲಿ ಒಂದಕ್ಕೆ ಸೇರಿಹೋಗುತ್ತಾನೆ. ಮುಂದಾಳು, ಕಾವಲುಗಾರ, ಒಂಟಿಗ, ಹರಿನೀರು, ಹೀಗೆ. ಒಂಬತ್ತನೆಯದು ಮಾರ್ದನಿ. ಅದರ ವಿವರಣೆ ಹೀಗಿತ್ತು: ಸ್ವಂತ ನಿರ್ಧಾರ ಕಡಿಮೆ, ಇನ್ನೊಬ್ಬರ ಮಾತಿನ ಆಸರೆ ಹೆಚ್ಚು, ತುರ್ತಿನ ಹೊಣೆಗೆ ತಕ್ಕವರಲ್ಲ.

ಜನ ಹೊಂದಿಕೊಂಡಿದ್ದರು. ಜನ ಯಾವುದಕ್ಕೆ ಹೊಂದಿಕೊಂಡಿಲ್ಲ? ಮದುವೆಯ ಮಾತುಕತೆಯಲ್ಲಿ ಹುಡುಗನ ನಕ್ಷತ್ರ ಕೇಳಿದ ಮೇಲೆ ಗುಣ ಕೇಳುತ್ತಿದ್ದರು. ಹಾಸ್ಟೆಲ್ಲುಗಳಲ್ಲಿ ಒಂಟಿಗರಿಗೊಂದು ಸಾಲು, ಹರಿನೀರಿನವರಿಗೊಂದು ಸಾಲು ಕೋಣೆಗಳಾದವು. ಚಹಾದಂಗಡಿಯಲ್ಲಿ ಯಾರಾದರೂ ಎರಡನೇ ಸಲ ಚಹಾ ಕೇಳಿದರೆ ‘ಮಾರ್ದನಿ ಬಂತು ನೋಡ್ರಿ’ ಎಂದು ನಗುತ್ತಿದ್ದರು. ಹುಟ್ಟಿದ ಓಣಿ ಕೇಳಿ ಕೆಲಸ ಹಂಚಿದರೆ ಜೈಲು, ಗುಣ ಕೇಳಿ ಹಂಚಿದರೆ ವಿಜ್ಞಾನ. ಬರುವ ಜೂನ್‌ನಿಂದ ಶಾಲೆಗಳಿಗೂ ಪೆಟ್ಟಿಗೆ ಬರುವುದಿತ್ತು. ಎಂಟನೇ ತರಗತಿಯ ಮಕ್ಕಳು ಮುಂದೆ ಏನು ಓದಬೇಕು ಎಂಬುದನ್ನು ಅದು ಹೇಳುವುದಿತ್ತು.

ಶಾಲೆಗೆ ಕೊಡುವ ಮುಂಚೆ ಪರೀಕ್ಷೆಯನ್ನೇ ಒಮ್ಮೆ ಪರೀಕ್ಷಿಸಬೇಕೆಂಬ ನಿಯಮವಿತ್ತು. ಆ ಕೆಲಸ ಧಾರವಾಡದ ಒಂದು ಮಾಪನ ಪ್ರಯೋಗಾಲಯಕ್ಕೆ ಬಂತು. ಅಲ್ಲಿಯ ಸಂಖ್ಯಾಶಾಸ್ತ್ರಜ್ಞೆ ಶಾಹಿದಾ ನದಾಫಳ ಮೇಜಿಗೆ ವಿದ್ಯುತ್ ಕಂಪನಿಯ ಮೂರು ಸಾವಿರ ನೌಕರರ ಫಲಿತಾಂಶಗಳು ಬಂದು ಬಿದ್ದವು. ನಿರ್ದೇಶಕ ಗಲಗಲಿ ಇದನ್ನು ಎರಡು ವಾರದ ಕೆಲಸ ಎಂದಿದ್ದರು. ಒಬ್ಬರಿಗೇ ಎರಡು ಸಲ ಪರೀಕ್ಷೆ ಕೊಟ್ಟರೆ ನೂರಕ್ಕೆ ತೊಂಬತ್ತಾರು ಮಂದಿಗೆ ಅದೇ ಗುಣ ಬರುತ್ತದೆ, ಇನ್ನೇನು ನೋಡುವುದಿದೆ ಎಂಬುದು ಅವರ ವಾದ.

ಶಾಹಿದಾಗೆ ಆ ತೊಂಬತ್ತಾರರ ಮೇಲೆ ಅನುಮಾನವಿರಲಿಲ್ಲ. ಹತ್ತು ಗ್ರಾಂ ಹೆಚ್ಚು ತೋರಿಸುವ ತಕ್ಕಡಿ ದಿನವೂ ಹತ್ತು ಗ್ರಾಂ ಹೆಚ್ಚೇ ತೋರಿಸುತ್ತದೆ. ಅದು ನಂಬಿಗಸ್ತ ತಕ್ಕಡಿ, ಆದರೆ ಸರಿಯಾದ ತಕ್ಕಡಿಯಲ್ಲ. ಆಕೆಗೆ ಬೇಕಿದ್ದದ್ದು ಪೆಟ್ಟಿಗೆ ತೂಗುತ್ತಿರುವ ವಸ್ತು ಯಾವುದು ಎಂಬುದು. ಹಾಗಾಗಿ ಹೆಸರು ಬದಿಗಿಟ್ಟು ಕೆಲಸದ ಪ್ರಕಾರ ಪಟ್ಟಿ ಬೇರ್ಪಡಿಸಿದಳು. ಗುಮಾಸ್ತರು ಒಂಬತ್ತು ಗುಣಗಳಲ್ಲೂ ಹರಡಿದ್ದರು. ವಾಹನ ಚಾಲಕರೂ ಹರಡಿದ್ದರು. ಸಬ್‌ಸ್ಟೇಷನ್ ಆಪರೇಟರುಗಳು ಮಾತ್ರ ಹರಡಿರಲಿಲ್ಲ. ಇನ್ನೂರ ನಲವತ್ತರಲ್ಲಿ ಇನ್ನೂರ ಹನ್ನೆರಡು ಮಂದಿ ಮಾರ್ದನಿ.

ಮೊದಲು ಅನ್ನಿಸಿದ್ದು ಅಂಥವರೇ ಆ ಕೆಲಸ ಹುಡುಕಿಕೊಂಡು ಬರುತ್ತಾರೇನೋ ಎಂದು. ಹೊಸದಾಗಿ ಸೇರಿದವರ ಪಟ್ಟಿ ತೆಗೆದಳು. ಕುರ್ಚಿಗೆ ಬಂದು ಒಂದು ವರ್ಷವೂ ತುಂಬದ ಹದಿನಾರು ಮಂದಿಯಲ್ಲಿ ಮಾರ್ದನಿಗಳು ಮೂವರು. ಎರಡನೇ ವರ್ಷ ಅರ್ಧಕ್ಕರ್ಧ. ಐದನೇ ವರ್ಷಕ್ಕೆ ಹೆಚ್ಚುಕಡಿಮೆ ಎಲ್ಲರೂ. ಹುಟ್ಟುಗುಣ ಎಂದು ಪೆಟ್ಟಿಗೆ ಹೇಳುವುದು ಕುರ್ಚಿಯಲ್ಲಿ ಕೂತಮೇಲೆ ಹೇಗೆ ಅಂಟಿಕೊಳ್ಳುತ್ತದೆ? ಆ ಮಧ್ಯಾಹ್ನ ಆಕೆ ಊಟದ ಡಬ್ಬಿ ಬಿಚ್ಚಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪರೀಕ್ಷೆಯ ಧ್ವನಿಮುದ್ರಣ ಕೇಳತೊಡಗಿದಳು.

ಮೊದಲು ಸಿಕ್ಕ ದನಿ ಫಕೀರವ್ವನದು. ಪೆಟ್ಟಿಗೆ ಕೇಳಿತು, ಸಿಟ್ಟು ಬಂದರೆ ತೋರಿಸುತ್ತೀರಾ ಎಂದು. ಹೆಂಗಸಿನ ಗಟ್ಟಿ ದನಿ ಉತ್ತರಿಸಿತು: “ಸಿಟ್ಟು ಬಂದರೆ ತೋರಿಸುತ್ತೀರಾ. ಹೌದು.” ಮುಂದಿನದಕ್ಕೂ ಹಾಗೆಯೇ. ಅರವತ್ತಕ್ಕೆ ಅರವತ್ತೂ ಹಾಗೆಯೇ. ಪ್ರಶ್ನೆಯನ್ನು ಅಕ್ಷರ ಬಿಡದೆ ಹಿಂದಿರುಗಿಸಿ, ಒಂದು ಉಸಿರು ಬಿಟ್ಟು, ಆಮೇಲೆ ಉತ್ತರ. ಶಾಹಿದಾ ಎರಡನೇ ಆಪರೇಟರನ ದನಿ ಕೇಳಿದಳು, ಮೂರನೆಯವನದು ಕೇಳಿದಳು. ಬೇರೆ ಬೇರೆ ಊರಿನವರು, ಒಬ್ಬರ ಮುಖ ಒಬ್ಬರು ಕಂಡಿರಲಿಕ್ಕಿಲ್ಲ. ಎಲ್ಲರೂ ಒಂದೇ ಗುರುವಿನ ಹತ್ತಿರ ಕಲಿತವರಂತೆ ಉತ್ತರಿಸಿದ್ದರು.

ಮರುದಿನವೇ ಬಸ್ಸು ಹಿಡಿದು ಕಣವಿಹಾಳಕ್ಕೆ ಬಂದಳು.

ಫಕೀರವ್ವ ಸಾಮಾನು ಕೋಣೆಯಲ್ಲಿ ಪಿಂಗಾಣಿ ಇನ್ಸುಲೇಟರುಗಳ ಧೂಳು ಒರೆಸುತ್ತಿದ್ದಳು. ನಲವತ್ತೊಂದರ ವಯಸ್ಸು, ಎತ್ತರದ ಆಳು, ಮಾತಿಗಿಂತ ಮುಂಚೆ ಕಣ್ಣಿನಲ್ಲಿ ನಗು. ಧಾರವಾಡದಿಂದ ಬಂದವಳು ತನ್ನ ಗುಣ ನೋಡಲು ಬಂದಿದ್ದಾಳೆಂದು ತಿಳಿದು, ಗುಣ ಇಲ್ಲೇ ಎಲ್ಲೋ ಸಾಮಾನಿನ ನಡುವೆ ಬಿದ್ದಿರಬೇಕು, ಹುಡುಕಿಕೊಳ್ಳಿ ಎಂದಳು. ಶಾಹಿದಾ ನಕ್ಕು ವಿಷಯಕ್ಕೆ ಬಂದಳು. ಪ್ರಶ್ನೆಗಳನ್ನೆಲ್ಲ ಯಾಕೆ ತಿರುಗಿ ಹೇಳಿದಿರಿ ಎಂದು ಕೇಳಿದಳು.

“ನಾ ಎಲ್ಲಿ ಹೇಳೇನ್ರಿ?” ಎಂದಳು ಫಕೀರವ್ವ. “ಕೇಳಿದ್ದಕ್ಕ ಉತ್ತರ ಕೊಟ್ಟು ಎದ್ದು ಬಂದೇನಿ.”

ಆಕೆ ಸುಳ್ಳು ಹೇಳುತ್ತಿರಲಿಲ್ಲ. ಅರ್ಧ ತಾಸಿನಿಂದ ಇಬ್ಬರೂ ಮಾತಾಡುತ್ತಿದ್ದರು, ಒಂದು ಮಾತನ್ನೂ ಆಕೆ ತಿರುಗಿ ಹೇಳಿರಲಿಲ್ಲ. ಶಾಹಿದಾಳ ತಲೆಗೆ ಹುಳ ಹೊಕ್ಕಂತಾಯಿತು. ಫೋನ್ ಹಿಡಿದು ಹೊರಗೆ ಟ್ರಾನ್ಸ್‌ಫಾರ್ಮರಿನ ಬೇಲಿಯವರೆಗೆ ನಡೆದುಹೋಗಿ, ಅಲ್ಲಿಂದ ಫಕೀರವ್ವನಿಗೆ ಕರೆ ಮಾಡಿದಳು. ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದಳು.

“ನಿಮ್ಮ ಮನಿಯಾಗ ಎಷ್ಟು ಮಂದಿ. ಮೂರು ಮಂದಿ,” ಎಂದಿತು ಫೋನು.

ಶಾಹಿದಾ ಬೇಲಿಯ ಹತ್ತಿರವೇ ನಿಂತು ಇನ್ನೂ ಹತ್ತು ಪ್ರಶ್ನೆ ಕೇಳಿದಳು. ಹತ್ತೂ ತಿರುಗಿ ಬಂದವು. ಒಳಗೆ ಬಂದು ಎದುರು ಕೂತು ಅದೇ ಹತ್ತು ಕೇಳಿದಳು. ಒಂದೂ ತಿರುಗಿ ಬರಲಿಲ್ಲ. ಮುಖ ಕಂಡರೆ ಬರುವುದಿಲ್ಲ, ಮುಖವಿಲ್ಲದ ದನಿಯಾದರೆ ಬರುತ್ತದೆ. ವಿಷಯ ಹೇಳಿದಾಗ ಫಕೀರವ್ವ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಗಳು ಕಸ್ತೂರಿ ಮೊದಲಿಂದಲೂ ಬೈಯುತ್ತಿದ್ದಳಂತೆ, ಅವ್ವನಿಗೆ ಫೋನ್ ಮಾಡಿದರೆ ತನ್ನ ಮಾತು ತಾನೇ ಎರಡು ಸಲ ಕೇಳಬೇಕು ಎಂದು.

ಆ ಅಭ್ಯಾಸ ಎಲ್ಲಿಯದು ಎಂಬುದನ್ನು ಆಕೆ ಕಂಟ್ರೋಲ್ ರೂಮಿನ ಬಾಗಿಲಲ್ಲಿ ನಿಂತು ತೋರಿಸಿದಳು. ಒಳಗೆ ಹೋಗಲು ಈಗ ಆಕೆಗೆ ಅನುಮತಿ ಇರಲಿಲ್ಲ. ಗೋಡೆಯುದ್ದಕ್ಕೂ ಏಳು ಸ್ವಿಚ್ಚುಗಳ ಫಲಕ. ಒಂದೊಂದು ಸ್ವಿಚ್ಚು ಒಂದೊಂದು ಫೀಡರಿಗೆ, ಅಂದರೆ ಕೆಲವು ಊರುಗಳಿಗೆ ಕರೆಂಟು ಒಯ್ಯುವ ಒಂದು ಲೈನಿಗೆ. ಎಲ್ಲೋ ಹತ್ತು ಮೈಲಿ ಆಚೆ ತಂತಿ ಹರಿದಿರುತ್ತದೆ. ಲೈನ್‌ಮನ್ ಅಲ್ಲಿಂದ ಫೋನ್ ಮಾಡುತ್ತಾನೆ. ಇಂಥ ಫೀಡರು, ಇಂಥ ಕಂಬ, ನಾನು ಇಂಥವನು, ಲೈನ್ ಬಂದ್ ಮಾಡಿ. ಆಪರೇಟರು ಫೀಡರು, ಕಂಬ, ಹೆಸರು ಮೂರನ್ನೂ ತಿರುಗಿ ಹೇಳುತ್ತಾಳೆ. ಆತ ಹೌದೆನ್ನುತ್ತಾನೆ. ಆಗ ಸ್ವಿಚ್ಚು ಕೆಳಗೆ. ಇದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಕೆಲಸ ಮುಗಿದಾಗಲೂ ಅಷ್ಟೇ, ಮೂರೂ ತಿರುಗಿ ಹೇಳಿದ ಮೇಲೆಯೇ ಸ್ವಿಚ್ಚು ಮೇಲೆ.

“ಕೇಳೂದು ಬ್ಯಾರೆ, ಕೇಳಿದ್ದು ಕೈಗೆ ಬರೂದು ಬ್ಯಾರೆ,” ಎಂದಳು. “ನಡುವ ಸಣ್ಣ ಸಂದಿ ಐತಿ ಮೇಡಮ್ಮಾರ. ಅಲ್ಲೇ ಮಂದಿ ಸಾಯೂದು. ಹೊಳ್ಳಿ ಅಂದ್ರ ಆ ಸಂದಿ ಮುಚ್ಚತೈತಿ.”

ಹೊಸ ಆಪರೇಟರ್ ವಿನಾಯಕ ಕುರ್ಚಿಯಿಂದ ಇದನ್ನೆಲ್ಲ ಕೇಳುತ್ತಿದ್ದ. ಒಳ್ಳೆಯ ಹುಡುಗ, ಫಕೀರವ್ವನನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ಅವನ ಗುಣ ಮುಂದಾಳು. ಮುಂದಾಳುಗಳಿಗೆ ಕೊಟ್ಟ ತರಬೇತಿಯಲ್ಲಿ, ಕೇಳಿದ್ದನ್ನು ತಿರುಗಿ ಹೇಳುವುದು ಆತ್ಮವಿಶ್ವಾಸ ಕಡಿಮೆಯಿರುವವರ ಲಕ್ಷಣ, ಚುರುಕಾಗಿ ನಿರ್ಧರಿಸಿ ಎಂದು ಕಲಿಸಿದ್ದರಂತೆ. ಅದನ್ನು ಅವನು ಸ್ವಲ್ಪ ನಾಚಿಕೆಯಿಂದಲೇ ಹೇಳಿದ.

ಧಾರವಾಡಕ್ಕೆ ಮರಳಿದ ಶಾಹಿದಾ ಇಪ್ಪತ್ತು ಮಂದಿ ಮಾರ್ದನಿ ಆಪರೇಟರುಗಳನ್ನು ಕರೆಸಿದಳು. ಪೆಟ್ಟಿಗೆಯನ್ನು ಪರದೆಯ ಹಿಂದೆ ಇಟ್ಟು, ಅದರ ಬಾಯಿ ಮುಚ್ಚಿಸಿ, ಕಿವಿ ಮಾತ್ರ ತೆರೆದಿಟ್ಟಳು. ಅದೇ ಅರವತ್ತು ಪ್ರಶ್ನೆಗಳನ್ನು ತಾನೇ ಎದುರು ಕೂತು, ಅವರ ಮುಖ ನೋಡುತ್ತ, ನಡುವೆ ಚುರುಮುರಿ ಕೊಟ್ಟು ಕೇಳಿದಳು. ಅದೇ ಮನುಷ್ಯರು, ಅದೇ ಪ್ರಶ್ನೆಗಳು, ತೀರ್ಪು ಕೊಡುವುದೂ ಅದೇ ಪೆಟ್ಟಿಗೆ. ಹದಿನೇಳು ಮಂದಿಯ ಗುಣ ಬದಲಾಯಿತು, ಎಂಟು ಗುಣಗಳಲ್ಲಿ ಚದುರಿಹೋಯಿತು. ಫಕೀರವ್ವನನ್ನು ಪೆಟ್ಟಿಗೆ ಮುಂದಾಳು ಎಂದಿತು. ಶಾಹಿದಾ ಆ ಫಲಿತಾಂಶವನ್ನೂ ನಂಬಲಿಲ್ಲ. ವರದಿಯಲ್ಲಿ ಬರೆದಳು: ಈ ಪರೀಕ್ಷೆ ಅಳೆಯುತ್ತಿರುವುದು ಗುಣವನ್ನಲ್ಲ, ಮುಖವಿಲ್ಲದ ದನಿಯೊಂದರ ಜೊತೆ ಮಾತಾಡುವ ರೂಢಿಯನ್ನು. ಆ ರೂಢಿಯನ್ನು ಮನುಷ್ಯನಿಗೆ ಅವನ ಕೆಲಸ, ಮನೆ, ಭಯ ಕಲಿಸಿರುತ್ತವೆ. ಕೆಲಸ ಹಂಚಲು, ಮಕ್ಕಳ ಓದು ನಿರ್ಧರಿಸಲು ಇದನ್ನು ಬಳಸಕೂಡದು.

ಗಲಗಲಿ ವರದಿಯನ್ನು ಮೆಚ್ಚಿಕೊಂಡರು, ಅದೇ ಹೆದರಿಕೆಯ ಸಂಗತಿ. ಇಷ್ಟು ಚೆನ್ನಾಗಿ ದೋಷ ಹಿಡಿದಿದ್ದೀರಿ, ಸರಿಪಡಿಸುವುದೂ ಸುಲಭ ಎಂದರು. ಪರೀಕ್ಷೆಯ ಮೊದಲಿಗೆ ಒಂದು ಸೂಚನೆ ಸೇರಿಸೋಣ, ಪ್ರಶ್ನೆಯನ್ನು ತಿರುಗಿ ಹೇಳಬೇಡಿ ಎಂದು. ಆಪರೇಟರುಗಳಿಗೆ ಒಂದು ತಿಂಗಳು ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಲು ಹೇಳೋಣ. ಮೊದಲು ನಿಮ್ಮ ಫಕೀರವ್ವನ ಮೇಲೆಯೇ ನೋಡೋಣ. ಆಕೆಗೆ ಕುರ್ಚಿ ಸಿಗುತ್ತದೆ, ಪರೀಕ್ಷೆ ಉಳಿಯುತ್ತದೆ, ಜೂನ್‌ಗೆ ಶಾಲೆಗಳಿಗೂ ಹೋಗುತ್ತದೆ. ಆಕೆಯಲ್ಲಿ ಕೆಲಸ ಮಾಡಿದರೆ, ಕುರ್ಚಿ ಕಳೆದುಕೊಳ್ಳುವ ಸರದಿಯಲ್ಲಿರುವ ಉಳಿದ ಇನ್ನೂರ ಹನ್ನೊಂದು ಮಂದಿಗೂ ಅದೇ ಸೂಚನೆ ಕಳಿಸೋಣ. ಅಳತೆಗೋಲಿಗೆ ಹೊಂದುವಂತೆ ಮನುಷ್ಯನನ್ನು ಕತ್ತರಿಸುವುದೇ ಎಂದು ಶಾಹಿದಾ ಕೇಳಿದಳು. ಗಲಗಲಿ ಅದಕ್ಕೆ ಸಿಟ್ಟಾಗಲಿಲ್ಲ. ಎಲ್ಲ ತರಬೇತಿಯೂ ಅದೇ ಅಲ್ಲವೇ ಎಂದರು.

ಅಭ್ಯಾಸದ ಪತ್ರ ಕಣವಿಹಾಳ ತಲುಪಿದ ದಿನವೇ ಅಲ್ಲಿ ಇನ್ನೊಂದು ಸಂಗತಿ ನಡೆಯಿತು.

ಫಕೀರವ್ವನ ಗಂಡ ಮುದಕಪ್ಪ ಅದೇ ಸಬ್‌ಸ್ಟೇಷನ್ನಿನ ಲೈನ್‌ಮನ್. ಹದಿನಾಲ್ಕು ವರ್ಷ ಅವನು ಕಂಬ ಹತ್ತಿದ್ದು ಹೆಂಡತಿಯ ಮಾತಿನ ಮೇಲೆ. ಆ ದಿನ ನಾಲ್ಕನೇ ಫೀಡರಿನ ಮೇಲೆ ಎರಡು ತಂಡ ಕೆಲಸ ಮಾಡುತ್ತಿದ್ದವು. ಒಂದು ತಂಡ ಮುಗಿಸಿ, ನಾಲ್ಕನೇ ಫೀಡರಿನ ಕೆಲಸ ಆಯಿತು ಎಂದು ವಿನಾಯಕನಿಗೆ ಫೋನ್ ಮಾಡಿತು. ಯಾವ ಕಂಬ, ಯಾರು ಎಂದು ಅವನು ತಿರುಗಿ ಹೇಳಲಿಲ್ಲ. ಇನ್ನೊಂದು ತಂಡವಿರುವುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬೆಳಿಗ್ಗೆ ಅವನೇ ಅವರಿಗೂ ಕ್ಲಿಯರ್ ಕೊಟ್ಟಿದ್ದ. ಆ ಗಳಿಗೆಯಲ್ಲಿ ಅದು ಕೈಗೆ ಬರಲಿಲ್ಲ, ಅಷ್ಟೇ. ಚುರುಕಾಗಿ ನಿರ್ಧರಿಸಿದ. ಸ್ವಿಚ್ಚು ಮೇಲೆ ಹಾಕಿದ.

ಆ ಇನ್ನೊಂದು ತಂಡದಲ್ಲಿದ್ದ ಮುದಕಪ್ಪ ಕಂಬದಿಂದ ಇಳಿದು ನೀರು ಕುಡಿಯುತ್ತಿದ್ದ. ಮೇಲೆ ಹೋಗಲು ಅವನ ಜೊತೆಗಾರ ಹುಸೇನಸಾಬ ಏಣಿಗೆ ಕಾಲಿಟ್ಟಿದ್ದ. ಕರೆಂಟು ಬಂದರೆ ನೆಲಕ್ಕಿಳಿಯಲೆಂದು ತಂತಿಗೆ ಜೋಡಿಸಿದ್ದ ಸರಪಳಿ ಒಮ್ಮೆಲೇ ಕಿಡಿ ಕಾರಿ ಕೆಂಪಾಯಿತು. ಯಾರಿಗೂ ಏನೂ ಆಗಲಿಲ್ಲ. ನೀರು ಕುಡಿಯುವಷ್ಟು ಹೊತ್ತಿನ ಅಂತರ.

ಮನೆಗೆ ಬಂದ ಮುದಕಪ್ಪ ಕೈಕಾಲು ತೊಳೆದು, ರೊಟ್ಟಿ ಮುರಿದು, ತಿನ್ನದೆ ಕೂತ. ನಡೆದದ್ದನ್ನು ಹೇಳಿದ. ವಿನಾಯಕ ಕುರ್ಚಿಯಲ್ಲೇ ಕುಸಿದು ಅತ್ತನಂತೆ. ಆಮೇಲೆ ಮುದಕಪ್ಪ ಪತ್ರವನ್ನು ಹೆಂಡತಿಯ ಮುಂದೆ ಸರಿಸಿದ.

“ಅರವತ್ತು ಪ್ರಶ್ನಿ, ಇಪ್ಪತ್ತು ನಿಮಿಷ. ಅಷ್ಟೊತ್ತು ನಾಲಿಗಿ ಬಿಗಿ ಹಿಡದು ಕುಂದ್ರು ಫಕೀರಿ. ನೀ ಕುರ್ಚಿ ಮ್ಯಾಗ ಬಂದ್ರ ನಾ ಕಂಬ ಹತ್ತತೇನಿ. ಇಲ್ಲಾಂದ್ರ ನನಗ ಕಾಲು ಬರೂದಿಲ್ಲ.”

ಆಕೆಗೆ ಇದರಲ್ಲಿ ವಾದಿಸಲು ಏನೂ ಕಾಣಲಿಲ್ಲ. ಅಂದಿನಿಂದ ಸಂಜೆ ಐದಕ್ಕೆ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಮುದಕಪ್ಪ ಹಿತ್ತಲಿಗೆ ಹೋಗಿ ಫೋನಿನಲ್ಲಿ ಪ್ರಶ್ನೆ ಕೇಳುವುದು, ಆಕೆ ಅಡುಗೆಮನೆಯಲ್ಲಿ ಉತ್ತರಿಸುವುದು. ಮೊದಲ ದಿನ ಮೂವತ್ತಕ್ಕೆ ಮೂವತ್ತೂ ತಿರುಗಿ ಹೇಳಿದಳು. ಎರಡನೇ ದಿನ ತುಟಿ ಕಚ್ಚಿಕೊಂಡರೂ ಗಂಟಲಲ್ಲಿ ಹೇಳಿಕೊಳ್ಳುತ್ತಿದ್ದಳು, ಮುದಕಪ್ಪನಿಗೆ ಗೊಣಗು ಕೇಳುತ್ತಿತ್ತು. ಬಾಯಿಯಲ್ಲಿ ಲವಂಗ ಇಟ್ಟುಕೋ ಎಂದ. ಇಟ್ಟುಕೊಂಡಳು. ಪ್ರಶ್ನೆಗಳು ಮುಗಿದು ಅವನು ಕೇಳುವುದಕ್ಕೆ ಏನೂ ತೋಚದೆ, ನನ್ನನ್ನು ಮದುವೆಯಾಗಿ ನಿನಗೆ ಬೇಸರವಾಗಿದೆಯೇ ಎಂದು ಕೇಳಿದ. ಆಕೆ ತಿರುಗಿ ಹೇಳದೆ ಥಟ್ಟನೆ ಹೌದು ಎಂದಳು. ಇಬ್ಬರೂ ಎರಡು ಕಡೆಯಿಂದ ನಕ್ಕರು. ಆವತ್ತೇ ಗಂಟು ಸಡಿಲಾಯಿತು. ಹದಿನೈದನೇ ದಿನಕ್ಕೆ ಅರವತ್ತಕ್ಕೆ ಅರವತ್ತೂ ನೇರವಾಗಿ ಬಂದವು. ಲವಂಗವೂ ಬೇಕಾಗಲಿಲ್ಲ.

ಅದಾದ ನಾಲ್ಕನೇ ದಿನ ಕಸ್ತೂರಿ ಕಾಲೇಜಿನಿಂದ ಫೋನ್ ಮಾಡಿದಳು. ಬಸ್ಸು ಕೆಟ್ಟಿದೆ, ಟೆಂಪೋದಲ್ಲಿ ಬರುತ್ತಿದ್ದೇನೆ, ಸ್ಟ್ಯಾಂಡಿಗೆ ಬರಬೇಡ, ಹಳೇ ಸುಂಕದ ನಾಕಾದ ಹತ್ತಿರ ಬಾ. ಫಕೀರವ್ವ ಹೂಂ ಎಂದು ಫೋನ್ ಇಟ್ಟು, ಹಿಟ್ಟು ನಾದಿ, ಸೆರಗು ಸರಿಮಾಡಿಕೊಂಡು, ದಿನದ ರೂಢಿಯಂತೆ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಳು. ಮಗಳು ನಾಕಾದಲ್ಲಿ ಮುಕ್ಕಾಲು ತಾಸು ಕಾದು, ಕೊನೆಗೆ ತಾನೇ ನಡೆದುಕೊಂಡು ಸ್ಟ್ಯಾಂಡಿಗೆ ಬಂದಳು.

ಕಸ್ತೂರಿಗೆ ಕೋಪ ಬಂದಿರಲಿಲ್ಲ, ಬೆರಗಾಗಿತ್ತು. “ನೀ ಹೊಳ್ಳಿ ಅನ್ನಲಿಲ್ಲ ಅವ್ವಾ. ನನಗ ಆವಾಗ್ಲೇ ಗೊತ್ತಾಗಬೇಕಿತ್ತು.”

ಫೋನಿನಲ್ಲಿ ಮಗಳ ಮಾತು ಫಕೀರವ್ವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ನಾಕಾ ಎಂದದ್ದೂ ಈಗ ನೆನಪಿಗೆ ಬರುತ್ತಿತ್ತು. ಆದರೆ ಕಾಲು ತನ್ನ ಪಾಡಿಗೆ ಸ್ಟ್ಯಾಂಡಿಗೆ ನಡೆದಿತ್ತು. ಪೆಟ್ಟಿಗೆಯ ಮುಂದೆ ಇಪ್ಪತ್ತು ನಿಮಿಷ ಬೇರೆ ಬಾಯಿ, ಕುರ್ಚಿಯಲ್ಲಿ ಹಳೇ ಬಾಯಿ ಎಂದು ಗಂಡ ಹೆಂಡತಿ ಲೆಕ್ಕ ಹಾಕಿದ್ದರು. ನಾಲಿಗೆಗೆ ಆ ಲೆಕ್ಕ ತಿಳಿಯದು. ಒಂದನ್ನು ಬಿಡಿಸಿದರೆ ಎಲ್ಲಾ ಕಡೆಯೂ ಬಿಟ್ಟುಹೋಗುತ್ತದೆ. ಅಂದು ಸಂಜೆ ಆಕೆ ಅಭ್ಯಾಸ ಮಾಡಲಿಲ್ಲ. ಮುದಕಪ್ಪ ಕೇಳಿದಾಗ, ತಲೆನೋವು ಎಂದಳು. ಇಪ್ಪತ್ತು ವರ್ಷದಲ್ಲಿ ಗಂಡನಿಗೆ ಹೇಳಿದ ಕೆಲವೇ ಸುಳ್ಳುಗಳಲ್ಲಿ ಅದೊಂದು.

ಮರುಪರೀಕ್ಷೆಗೆ ಇಬ್ಬರೂ ಧಾರವಾಡಕ್ಕೆ ಬಂದರು. ಮುದಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಕಂಪನಿಯಿಂದ ಒಬ್ಬ ಅಧಿಕಾರಿ ಬಂದಿದ್ದ, ಶಾಲಾ ಇಲಾಖೆಯಿಂದ ಇಬ್ಬರು. ಎಲ್ಲರೂ ಗಾಜಿನ ಆಚೆ ಗಲಗಲಿಯವರ ಜೊತೆ ಕೂತರು. ಪೆಟ್ಟಿಗೆ ಜೋಡಿಸುವ ಕೆಲಸ ಶಾಹಿದಾಳದು. ಆಕೆ ವೈರು ಸಿಕ್ಕಿಸುತ್ತ ಬಗ್ಗಿ, ಹೇಗಿದ್ದೀರಿ ಎಂದು ಕೇಳಿದಳು. ಫಕೀರವ್ವ ಬಸ್ ಸ್ಟ್ಯಾಂಡಿನ ಸಂಗತಿಯನ್ನು ಮೂರು ಮಾತಿನಲ್ಲಿ ಹೇಳಿದಳು. ಶಾಹಿದಾಳ ಕೈ ವೈರಿನ ಮೇಲೆ ನಿಂತಿತು. ಪರೀಕ್ಷೆ ಗುಣವನ್ನು ತಪ್ಪಾಗಿ ಅಳೆಯುತ್ತದೆ ಎಂದಷ್ಟೇ ಆಕೆ ವರದಿಯಲ್ಲಿ ಬರೆದಿದ್ದಳು. ತುರ್ತಿನ ಹೊಣೆಗೆ ತಕ್ಕವರಲ್ಲ ಎಂದದ್ದನ್ನು ಪರೀಕ್ಷೆ ತಾನೇ ನಿಜ ಮಾಡಿಬಿಡುತ್ತದೆ ಎಂಬುದು ಆಕೆಗೆ ಹೊಳೆದಿರಲಿಲ್ಲ.

“ಇವತ್ತು ನೀವು ಪಾಸಾದರೆ ಕುರ್ಚಿ ನಿಮ್ಮದು,” ಎಂದಳು ಶಾಹಿದಾ ಮೆಲ್ಲಗೆ. “ಸೋಮವಾರದಿಂದ ಉಳಿದವರೂ ಅಭ್ಯಾಸ ಶುರುಮಾಡ್ತಾರೆ. ಇನ್ನೂರ ಹನ್ನೊಂದು ಮಂದಿ.”

“ಅವರ ಕೆಳಗ ಕಂಬ ಹತ್ತವರು ಎಷ್ಟು?”

“ಎರಡು ಸಾವಿರದ ಹತ್ತಿರ.”

ಫಕೀರವ್ವ ಬಾಗಿಲ ಕಿಂಡಿಯಿಂದ ಹೊರಗೆ ನೋಡಿದಳು. ಮುದಕಪ್ಪ ಬೆಂಚಿನ ಮೇಲೆ ಮೊಣಕಾಲಿಗೆ ಕೈಯೂರಿ, ಫಲಿತಾಂಶ ಆಗಲೇ ಬಂದವನ ಹಾಗೆ ನೆಮ್ಮದಿಯಿಂದ ಕೂತಿದ್ದ.

“ನಮ್ಮವ್ವನ್ನ ಓಣಿ ಕೇಳಿ ಹೊರಗ ನಿಂದರಿಸಿದ್ರು,” ಎಂದಳು. “ನನ್ನ ದನಿ ಕೇಳಿ ಹೊರಗ ಹಾಕ್ಯಾರ. ಅದು ತಡಕೊಬಹುದು ಬಿಡ್ರಿ.” ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತಳು.

ಶಾಹಿದಾ ಹೊರಗೆ ಹೋದಳು. ಬಾಗಿಲು ಮುಚ್ಚಿತು. ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು.

“ಸೂಚನೆ,” ಎಂದಿತು ಅದು. “ಪ್ರಶ್ನೆಯನ್ನು ತಿರುಗಿ ಹೇಳಬೇಡಿ. ನೇರವಾಗಿ ಉತ್ತರ ಕೊಡಿ. ಒಪ್ಪಿಗೆಯೇ?”

ಗಾಜಿನ ಆಚೆ ಗಲಗಲಿ ಅಧಿಕಾರಿಗಳ ಕಡೆ ಬಾಗಿ ಏನೋ ವಿವರಿಸುತ್ತಿದ್ದರು. ಫಕೀರವ್ವ ಬೆನ್ನು ನೆಟ್ಟಗೆ ಮಾಡಿದಳು.

“ಪ್ರಶ್ನೆಯನ್ನು ತಿರುಗಿ ಹೇಳಬೇಡಿ, ನೇರವಾಗಿ ಉತ್ತರ ಕೊಡಿ, ಒಪ್ಪಿಗೆಯೇ,” ಎಂದಳು, ಒಂದೊಂದು ಪದವನ್ನೂ ಬಿಡಿಸಿ. ಒಂದು ಉಸಿರು ಬಿಟ್ಟಳು. “ಒಪ್ಪಿಗಿಲ್ಲ.”

ಗಲಗಲಿ ಮಾತು ನಿಲ್ಲಿಸಿದರು. ಮೈಕಿನ ಗುಂಡಿ ಒತ್ತಿ, ಗಾಬರಿಯಾಗಬೇಡಿ ಫಕೀರವ್ವ, ಮೊದಲಿಂದ ಶುರುಮಾಡೋಣ, ಈ ಸಲ ಬರೀ ಹೌದು ಎಂದುಬಿಡಿ ಎಂದರು.

ಆ ದನಿಯ ಮುಖವೂ ಅಲ್ಲಿ ಕಾಣುತ್ತಿರಲಿಲ್ಲ. ಒಳಗಿನಿಂದ ಗಾಜು ಬರೀ ಕಪ್ಪು.

“ಮೊದಲಿಂದ ಶುರುಮಾಡೋಣ, ಬರೀ ಹೌದು ಅನ್ರಿ,” ಎಂದಳು ಫಕೀರವ್ವ. “ಕೇಳಿಸ್ತು. ಅನ್ನೂದಿಲ್ಲ.”